ಲಿಂಡವ್ವನಿಗೆ ‘ಬರ್ತೀವ್ರಿ’ ಎಂದದ್ದು

ನಳ ಬರುವ ದಿನ

ಜರ್ಮನಿಯಲ್ಲಿ ನಾವು ನೋಡಿದ ಮೊದಲ ಬಾಡಿಗೆ ಮನೆಯ ಮಾಲೀಕನಿಗೆ ರೇಣುಕಾ ಕೇಳಿದ ಮೊದಲ ಪ್ರಶ್ನೆ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದು. ಗದಗ-ಬೆಟಗೇರಿಯಲ್ಲಿ ಮನೆ ನೋಡಲು ಹೋದವರು ಹೊಸ್ತಿಲು ದಾಟುವ ಮೊದಲೇ ಕೇಳುವ ಮಾತು ಇದು. ನಳ ಯಾವಾಗ ಬರುತ್ತವೆ, ಬಂದರೆ ಎಷ್ಟು ಹೊತ್ತು ಇರುತ್ತವೆ, ನೀರಿನ ಟಾಕಿ ಎಷ್ಟು ದೊಡ್ಡದು, ಇಷ್ಟು ಗೊತ್ತಾಗದೆ ಪಡಸಾಲೆಯ ಚಂದ ನೋಡಿ ಏನು ಮಾಡುವುದು? ಆ ಮಾಲೀಕನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ರೇಣುಕಾ ಇನ್ನೂ ಸಾವಕಾಶವಾಗಿ, ಒಂದೊಂದೇ ಶಬ್ದ ಬಿಡಿಸಿ ಕೇಳಿದಳು. ಅವನು ಬಚ್ಚಲಿಗೆ ನಡೆದು ನಳ ತಿರುಗಿಸಿದ. ನೀರು ಬಂತು. ನಿಲ್ಲಿಸಿದ. ಮತ್ತೆ ತಿರುಗಿಸಿದ. ಮತ್ತೆ ಬಂತು. ಆಮೇಲೆ ನಮ್ಮಿಬ್ಬರ ಮುಖವನ್ನು ಬಹಳ ಕನಿಕರದಿಂದ ನೋಡಿದ.

“ಇವತ್ತ ನಳಾ ಬರೋ ದಿನಾ ಇರಬೇಕಲೇ,” ಎಂದು ರೇಣುಕಾ ನನ್ನ ಕಿವಿಯಲ್ಲಿ ಹೇಳಿದಳು. “ನಾಳಿ ಬಂದು ನೋಡಬೇಕು ಇವನ ಮಾರಿ.”

ನಾನು ಹಸೀನಾ ನದಾಫ, ಲಕ್ಷ್ಮೇಶ್ವರದವಳು. ನಮ್ಮದು ಗಾದಿ ಹೊಲಿಯುವ ಮನೆತನ. ರೇಣುಕಾ ಹೊಸಮನಿ ಶಿರಹಟ್ಟಿಯವಳು. ಇಬ್ಬರೂ ಗದಗಿನ ಒಂದೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆವು, ಒಂದೇ ಬೆಂಚಿನ ಮೇಲೆ ಕುಳಿತು ಜರ್ಮನ್ ಕಲಿತೆವು, ಒಂದೇ ವಿಮಾನದಲ್ಲಿ ಬಂದಿಳಿದು ಒಂದೇ ಆಸ್ಪತ್ರೆ ಸೇರಿದೆವು. ಆಸ್ಪತ್ರೆಯವರು ತಮ್ಮ ಹಾಸ್ಟೆಲ್ಲಿನಲ್ಲಿ ನಮಗೊಂದು ಕೋಣೆ ಕೊಟ್ಟಿದ್ದರು. ಹೊಸ ತಂಡದವರು ಬರುವಷ್ಟರಲ್ಲಿ ಅದನ್ನು ಬಿಡಬೇಕು. ಅಷ್ಟರಲ್ಲಿ ಸ್ವಂತ ಬಾಡಿಗೆ ಮನೆ ಸಿಗದಿದ್ದರೆ ನನ್ನನ್ನು ಇಲ್ಲೇ ಇನ್ನೊಂದು ಕೋಣೆಗೆ ಹಾಕಿ, ರೇಣುಕಾಳನ್ನು ರೈಲಿನಲ್ಲಿ ಅರ್ಧ ದಿನ ದೂರದ ಬೇರೆ ಊರಿನ ಶಾಖೆಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಮನೆ ಸಿಕ್ಕರೆ ಇಬ್ಬರೂ ಕೂಡಿ ಇರುತ್ತೇವೆ, ಸಿಗದಿದ್ದರೆ ಅವಳೊಂದು ದಿಕ್ಕು ನಾನೊಂದು ದಿಕ್ಕು. ಭಾಷೆ ಬಾರದ ಊರಿನಲ್ಲಿ ನನ್ನ ಸಿಟ್ಟು ತಿಳಿಯುವ ಜೀವ ಅದೊಂದೇ ಇತ್ತು. ಅದನ್ನೂ ರೈಲು ಹತ್ತಿಸುತ್ತಾರೆಂದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಕೂಡಿ ಇರುವ ಆಸೆ ನಮಗೆ ಹೊಸದೇನಲ್ಲ. ಗದಗಿನಲ್ಲಿದ್ದಾಗಲೇ ಬೆಟಗೇರಿಯ ಓಣಿ ಓಣಿ ತಿರುಗಿದ್ದೆವು. ಒಬ್ಬ ಯಜಮಾನರು ರೇಣುಕಾಳನ್ನು “ಯಾವ ಪೈಕಿ ಹೊಸಮನಿರೀ?” ಎಂದು ಕೇಳಿ, ಉತ್ತರ ಮನಸ್ಸಿಗೆ ಬಂದಮೇಲೆ ಚಹಾ ತರಿಸಿದರು. ಚಹಾ ಕುಡಿಯುವಾಗ ನನ್ನ ಹೆಸರು ಕೇಳಿದರು. ಹೇಳಿದೆ. ಅವರಿಗೆ ತಟ್ಟನೆ ಪುಣೆಯಲ್ಲಿದ್ದ ಅಳಿಯನ ನೆನಪಾಯಿತು. ಅಳಿಯ ಬರುವವನಿದ್ದಾನೆ, ಮನೆ ಅವನಿಗೇ ಬೇಕು ಎಂದರು. ಮುಂದಿನ ಓಣಿಯವರಿಗೂ ಒಬ್ಬ ಅಳಿಯ ಬರುವವನಿದ್ದ. ಅದರ ಮುಂದಿನವರಿಗೂ ಇದ್ದ. ಆ ವರ್ಷ ಗದಗಿಗೆ ಅಷ್ಟೊಂದು ಅಳಿಯಂದಿರು ಬಂದು ಎಲ್ಲಿ ಇಳಿದುಕೊಂಡರೋ ನಾನು ಕಾಣೆ. ಕೊನೆಗೆ ರೇಣುಕಾ ತನ್ನ ಸೋದರತ್ತೆಯ ಮನೆಯಲ್ಲಿ ಉಳಿದಳು, ನಾನು ದಿನಾ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಜೋತಾಡಿದೆ.

ಅಡುಗೆಮನೆ ಹೊತ್ತುಕೊಂಡು ಹೋದವರು

ನಮಗೆ ಬರುತ್ತಿದ್ದದ್ದು ಆಸ್ಪತ್ರೆಯ ಜರ್ಮನ್. ಉಸಿರು ಎಳೆದುಕೊಳ್ಳಿ, ಈ ಕಡೆ ಹೊರಳಿ, ನಿದ್ದೆ ಬಂತೇ, ಹೊಟ್ಟೆ ಸ್ವಚ್ಛವಾಯಿತೇ, ಇಂಥವನ್ನು ನಾವು ಬಹಳ ಚೆನ್ನಾಗಿ ಕೇಳುತ್ತಿದ್ದೆವು. ಮನೆ ನೋಡುವಾಗ ಈ ಮಾತುಗಳಿಂದ ಎಷ್ಟು ಉಪಯೋಗವೋ ನೀವೇ ಯೋಚಿಸಿ. ಎರಡನೆಯ ಮನೆಯ ಗೋಡೆಯಲ್ಲಿ ತೇವ ಹಿಡಿದ ಕಲೆ ಕಂಡಿತು. ಅದು ಎಂದಿನಿಂದ ಇದೆ ಎಂದು ಕೇಳಬೇಕಿತ್ತು. ರೇಣುಕಾ ಗೋಡೆಯ ಮೇಲೆ ಕೈಯಿಟ್ಟು, ಗಂಭೀರವಾಗಿ, “ಈ ನೋವು ಎಂದಿನಿಂದ?” ಎಂದಳು. ಮನೆ ತೋರಿಸಲು ಬಂದಿದ್ದ ಹೆಂಗಸು ತನ್ನ ಬೆನ್ನು ಮುಟ್ಟಿಕೊಂಡು, ಹೋದ ಚಳಿಗಾಲದಿಂದ ಎಂದಳು.

ಅದೇ ಮನೆಯ ಒಂದು ಕೋಣೆಯಲ್ಲಿ ಗೋಡೆಯಿಂದ ಎರಡು ಪೈಪು, ಒಂದಿಷ್ಟು ವಾಯರು ಹೊರಗೆ ಚಾಚಿಕೊಂಡಿದ್ದವು. ಇದೇನು ಎಂದು ಕೇಳಿದರೆ ಅಡುಗೆಮನೆ ಎಂದಳು. ಕಟ್ಟೆ ಇಲ್ಲ, ಪಾತ್ರೆ ತೊಳೆಯುವ ಸಿಂಕು ಇಲ್ಲ, ಒಲೆ ಇಲ್ಲ, ಮೇಲೆ ದೀಪವೂ ಇಲ್ಲ. ಮೊದಲು ಇದ್ದವರು ಬಿಡುವಾಗ ಬಿಚ್ಚಿಕೊಂಡು ಹೋದರಂತೆ. ನನಗೆ ಕಳ್ಳತನವಾದ ಮನೆಗೆ ಬಂದ ಹಾಗೆ ಅನ್ನಿಸಿತು. ಆದರೆ ಅಲ್ಲಿಯ ಪದ್ಧತಿಯೇ ಹಾಗೆ. ಮನೆ ಬದಲಿಸುವವರು ಅಡುಗೆಮನೆಯನ್ನೇ ಕಿತ್ತು ಲಾರಿಗೆ ಹಾಕುತ್ತಾರೆ. ನಮ್ಮ ಕಡೆ ಬಾಡಿಗೆಯವರು ಗೋಡೆಗೆ ಹೊಡೆದ ಮೊಳೆ ಕಿತ್ತರೂ ಮಾಲೀಕರು ಮೂರು ಮನೆಗೆ ಕೇಳುವಂತೆ ಬೈಯುತ್ತಾರೆ.

“ಯವ್ವಾ, ಕಡಪಾ ಕಟ್ಟಿನೂ ಹೊತ್ಕೊಂಡ ಹೋಗ್ಯಾರ!” ಎಂದಳು ರೇಣುಕಾ. “ಒಲಿ ಒಯ್ಯಲಿ, ಡಬ್ಬಿ ಒಯ್ಯಲಿ. ಮ್ಯಾಲಿನ ದೀಪಾನರೆ ಬಿಟ್ಟು ಹೋಗಬಾರದ?”

ಆ ಮನೆ ನಮಗೆ ಬೇಡವಾಯಿತು. ಬೇಕಾದ ಮನೆಗಳಿಗೆ ನಾವು ಬೇಡವಾದೆವು. ಒಂದು ಮನೆ ನೋಡಲು ಹೋದಾಗ ಮೆಟ್ಟಿಲ ಮೇಲೆ ರೇಷನ್ ಅಂಗಡಿಯ ಮುಂದಿನಷ್ಟು ಸಾಲಿತ್ತು, ಗದ್ದಲ ಮಾತ್ರ ಇರಲಿಲ್ಲ. ಎಲ್ಲರೂ ಬಾಯಿ ಬಿಗಿದುಕೊಂಡು ಒಬ್ಬರ ಕೋಟು ಒಬ್ಬರು ನೋಡುತ್ತಿದ್ದರು. ನಾವು ಮಾತ್ರ ಅಭ್ಯಾಸದಂತೆ ಬೂಟು ಬಾಗಿಲ ಹೊರಗೆ ಬಿಚ್ಚಿ ಒಳಗೆ ಹೋದೆವು. ಹಿಂದಿದ್ದವರು ಅದೇ ಪದ್ಧತಿ ಇರಬೇಕೆಂದು ತಿಳಿದು ತಾವೂ ಬಿಚ್ಚಿದರು, ಅವರ ಹಿಂದಿನವರೂ ಬಿಚ್ಚಿದರು. ಹೊರಗೆ ಬಂದಾಗ ಮೆಟ್ಟಿಲ ಮೇಲೆ ದರ್ಗಾದ ಬಾಗಿಲಲ್ಲಿ ಇರುವಷ್ಟು ಬೂಟು. ಒಬ್ಬ ದಪ್ಪ ಮನುಷ್ಯ ತನ್ನ ಎಡಗಾಲಿನದು ಹುಡುಕುತ್ತ ನಮ್ಮನ್ನೇ ಗುರಾಯಿಸುತ್ತಿದ್ದ. ಬಸ್ಸಿನಲ್ಲಿ ಕುಳಿತ ಮೇಲೆ ನಾವು ನಕ್ಕ ನಗೆಗೆ ಡ್ರೈವರು ಕನ್ನಡಿಯಲ್ಲಿ ತಿರುಗಿ ತಿರುಗಿ ನೋಡಿದ.

ನಗು ನಿಂತಮೇಲೆ ರೇಣುಕಾ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು, “ಹೆಸರಿನಾಗ ಹೊಸ ಮನಿ ಐತಿ. ಕೈಯಾಗ ಹಳೇದೂ ಇಲ್ಲ ನೋಡ.”

ಲಿಂಡವ್ವ

ಫ್ರೌ ಲಿಂಡ್ನರ್ ಎಂಬ ಅಜ್ಜಿಯ ವಿಷಯ ತಿಳಿಸಿದ್ದು ನಮ್ಮ ವಾರ್ಡಿನ ಹಿರಿಯ ನರ್ಸ್. ಫ್ರೌ ಎಂದರೆ ನಮ್ಮ ‘ಬಾಯಾರು’ ಇದ್ದ ಹಾಗೆ, ಗೌರವದ ಮಾತು. ನಾವಿಬ್ಬರೇ ಇದ್ದಾಗ ಅವರು ಮೊದಲ ದಿನದಿಂದಲೇ ಲಿಂಡವ್ವ ಆದರು. ನೆಟ್ಟಗೆ ನಿಲ್ಲುವ, ಕತ್ತರಿಸಿದ ಬಿಳಿ ಕೂದಲಿನ, ನಗುವುದಕ್ಕೂ ಮುಹೂರ್ತ ನೋಡುವ ಹೆಂಗಸು. ಕೆಳಗಿನ ಅಂತಸ್ತಿನಲ್ಲಿ ತಾವಿದ್ದು ಮೇಲಿನ ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದರು. ಖಾಲಿ ಇದ್ದದ್ದು ಎರಡನೆಯ ಮಹಡಿಯದು.

ಬಾಗಿಲು ತೆರೆದ ಕೂಡಲೇ ನಾವು ಒಬ್ಬರನ್ನೊಬ್ಬರು ಚಿವುಟಿದೆವು. ಅಡುಗೆಮನೆಯಲ್ಲಿ ಅಡುಗೆಮನೆ ಇತ್ತು! ಕಟ್ಟೆ, ಒಲೆ, ಮೇಲೆ ಹಳದಿ ಗಾಜಿನ ದೀಪ. ಪಡಸಾಲೆಯ ಕಿಟಕಿಯ ಮುಂದೆ ಒಂದು ಮರ, ಅದರಾಚೆ ಬೇಕರಿ. ಎರಡು ಕೋಣೆ. ಒಂದರಲ್ಲಿ ಬಿಸಿಲು ಬೀಳುತ್ತಿತ್ತು, ಇನ್ನೊಂದರಲ್ಲಿ ಬೀಳುತ್ತಿರಲಿಲ್ಲ. ಬಿಸಿಲಿನ ಕೋಣೆ ಯಾರಿಗೆ ಎಂದು ನಾವು ಆಗಲೇ ಕಣ್ಣಿನಲ್ಲೇ ಜಗಳ ಶುರು ಮಾಡಿದ್ದೆವು.

ಲಿಂಡವ್ವನ ಪ್ರಶ್ನೆಗಳು ನಮ್ಮ ಕಡೆಯ ಯಾವ ಮಾಲೀಕರೂ ಕೇಳದಂಥವು. ದಿನಾ ಬೆಳಿಗ್ಗೆ ಕಿಟಕಿ ಪೂರ್ತಿ ತೆರೆದು ಗಾಳಿ ಆಡಿಸುತ್ತೀರಾ? ಚಳಿಯಲ್ಲೂ? ವಾದ್ಯ ಬಾರಿಸುತ್ತೀರಾ? ಭಾನುವಾರ ಗೋಡೆಗೆ ಮೊಳೆ ಹೊಡೆಯುವ ಅಭ್ಯಾಸ ಇದೆಯೇ? ನಾವು ಎಲ್ಲದಕ್ಕೂ ಒಳ್ಳೆಯ ಉತ್ತರ ಕೊಟ್ಟೆವು. ಕೊನೆಗೆ ಅವರು, ಯೋಚಿಸಿ ನೋಡುತ್ತೇನೆ, ಭಾನುವಾರ ಮಧ್ಯಾಹ್ನ ಕಾಫಿಯ ಹೊತ್ತಿಗೆ ಮನೆಯಲ್ಲೇ ಇರುತ್ತೇನೆ ಎಂದರು.

ನಾವು ಬೂಟು ಹಾಕಿಕೊಂಡು, ಕೈ ಮುಗಿದು, ಇಬ್ಬರೂ ಒಂದೇ ದನಿಯಲ್ಲಿ, “ವಿಯರ್ ಕೊಮ್ಮೆನ್,” ಎಂದೆವು. ಅಂದರೆ ‘ನಾವು ಬರ್ತೀವ್ರಿ’.

ಬೇರೇನು ಅನ್ನಲಿ ಹೇಳಿ? ನಮ್ಮ ಕಡೆ ಒಬ್ಬರ ಮನೆಯಿಂದ ಹೊರಡುವಾಗ ‘ಹೋಗ್ತೀವಿ’ ಎಂದವರುಂಟೇ? ಚಿಕ್ಕಂದಿನಲ್ಲಿ ಒಮ್ಮೆ ನಾನು ಶಾಲೆಗೆ ಹೊರಡುವಾಗ “ಅವ್ವಾ, ಹೋಗ್ತೀನಿ,” ಎಂದಿದ್ದಕ್ಕೆ ಅವ್ವ ಓಣಿಯ ತುದಿಯವರೆಗೆ ಬೆನ್ನಟ್ಟಿ ಬಂದು, “ಬರ್ತೀನಿ ಅನ್ನ! ಬರ್ತೀನಿ ಅಂದ ಹೋಗ!” ಎಂದು ಅನ್ನಿಸಿಯೇ ಬಿಟ್ಟಿದ್ದಳು. ಲಿಂಡವ್ವ ತಲೆಯಾಡಿಸಿ, “ಒಳ್ಳೆಯದು,” ಎಂದರು. ಅವರು ಅಂದು ಮೊದಲ ಸಲ ನಕ್ಕರು. ನಾವು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದೆವು.

ಗಿರಮಿಟ್ ತಿಂದ ಭಾನುವಾರ

ಭಾನುವಾರ ಇಬ್ಬರಿಗೂ ರಜೆ. ಶಿರಹಟ್ಟಿಯಿಂದ ತಂದಿದ್ದ ಚುರಮರಿಯಲ್ಲಿ ಉಳಿದದ್ದಷ್ಟನ್ನೂ ಸುರಿದು ರೇಣುಕಾ ಗಿರಮಿಟ್ ಕಲಸಿದಳು. ಹಸಿಮೆಣಸಿನಕಾಯಿ ಕಚ್ಚಿ ಬಾಯಿ ಸುಟ್ಟುಕೊಂಡು, ಹಾಸ್ಟೆಲ್ಲಿನ ಮಂಚದ ಮೇಲೆ ಕಾಲು ಚಾಚಿ, ಲಿಂಡವ್ವ ಏನು ಹೇಳಿಕಳಿಸಬಹುದು ಎಂದು ಮಧ್ಯಾಹ್ನವಿಡೀ ಫೋನು ನೋಡುತ್ತ ಕುಳಿತೆವು. ಫೋನು ಬರಲಿಲ್ಲ.

ಸೋಮವಾರ ಊಟದ ಬಿಡುವಿನಲ್ಲಿ ಬಂತು. ಲಿಂಡವ್ವನ ದನಿ ಒಣಗಿತ್ತು.

“ನಿನ್ನೆ ನಾನು ಕಾದೆ. ಸೇಬಿನ ಕೇಕು ಮಾಡಿದ್ದೆ. ಬರುತ್ತೇವೆ ಎಂದಿರಿ, ಬರಲಿಲ್ಲ. ಫೋನನ್ನೂ ಮಾಡಲಿಲ್ಲ.”

ನನಗೆ ತಲೆಬುಡ ತಿಳಿಯಲಿಲ್ಲ. ಯಾರು ಬರುತ್ತೇವೆ ಎಂದರು? ಬಾಯಿಗೆ ಬಂದದ್ದು ಒಂದೇ ಪ್ರಶ್ನೆ, “ಬಂದಿದ್ದರೆ?”

“ಕೀಲಿಕೈ ಕೊಡಬೇಕೆಂದಿದ್ದೆ. ಮಾತಿಗೆ ನಿಲ್ಲದವರಿಗೆ ನಾನು ಮನೆ ಕೊಡುವುದಿಲ್ಲ.” ಫೋನು ಇಟ್ಟರು.

ರೇಣುಕಾಳಿಗೆ ಹೇಳಿದೆ. ಅವಳು ಹಣೆ ಹೊಡೆದುಕೊಂಡಳು. “ಬರ್ತೀವ್ರಿ ಅಂದ್ವಲ್ಲಲೇ! ಆಯಿ ಖರೇನ ಬರ್ತಾರ ಅಂತ ತಿಳ್ಕೊಂಡ ಕೇಕು ಮಾಡ್ಯಾಳ!”

ನಮ್ಮ ಜಿಲ್ಲೆಯಲ್ಲಿ ಹಾಗೆ ತಿಳಿದುಕೊಂಡರೆ ಗತಿಯೇನು? ದಿನಕ್ಕೆ ಎಷ್ಟು ಮಂದಿ ಎಷ್ಟು ಮನೆಯ ಬಾಗಿಲಲ್ಲಿ ‘ಬರ್ತೀನ್ರಿ’ ಎನ್ನುವುದಿಲ್ಲ! ಅವರೆಲ್ಲರಿಗೂ ಅಡುಗೆ ಮಾಡಿಟ್ಟು ಕಾಯುತ್ತ ಕುಳಿತರೆ ಗದಗಿನ ಒಲೆಗಳು ಆರುವುದೇ ಇಲ್ಲ. ಮೊದಲು ನಗು ಬಂತು. ಆಮೇಲೆ ಮೇಜಿನ ಮೇಲೆ ಕೇಕು ಇಟ್ಟುಕೊಂಡು ಬೀದಿ ನೋಡುತ್ತ ಕುಳಿತ ಅಜ್ಜಿ ಕಣ್ಣ ಮುಂದೆ ಬಂದರು. ನಾನು ಅತ್ತುಬಿಟ್ಟೆ. ಮನೆಯೂ ಹೋಯಿತು, ರೇಣುಕಾಳೂ ಹೋದಳು, ಒಂದು ಒಳ್ಳೆಯ ಜೀವವನ್ನೂ ನೋಯಿಸಿದ್ದಾಯಿತು.

“ಅಳಬ್ಯಾಡ. ಏಳ,” ಎಂದಳು ರೇಣುಕಾ. “ಇವತ್ತ ಹೋಗೂಣ.”

“ಕೇಳದ ಹೋಗಬಾರದಲೇ ಇಲ್ಲಿ. ಮೊದಲ ಹೊತ್ತು ಗೊತ್ತ ಮಾಡಬೇಕು.”

“ಮಾಪಿ ಕೇಳಾಕ ಯಾರರೆ ಹೊತ್ತು ಗೊತ್ತ ಮಾಡ್ತಾರ?”

ಹೇಳದೆ ಹೋದದ್ದು

ಡ್ಯೂಟಿ ಮುಗಿಸಿ, ಹಾಸ್ಟೆಲ್ಲಿನ ಕೋಣೆಗೆ ಒಂದು ಗಳಿಗೆ ಹೋಗಿ, ಹಾಗೆಯೇ ಹೊರಟೆವು. ರೇಣುಕಾಳ ಅವ್ವ ಕಟ್ಟಿಕೊಟ್ಟಿದ್ದ ಶೇಂಗಾದ ಹೋಳಿಗೆಯಲ್ಲಿ ಹಬ್ಬಕ್ಕೆಂದು ಮುಚ್ಚಿಟ್ಟದ್ದನ್ನು ಡಬ್ಬಿಯಲ್ಲಿ ಹಾಕಿಕೊಂಡಿದ್ದಳು. ಬಾಗಿಲು ತೆರೆದ ಲಿಂಡವ್ವ ಮನೆಯಲ್ಲಿ ಹಾವು ಕಂಡವರಂತೆ ಒಂದು ಹೆಜ್ಜೆ ಹಿಂದೆ ಸರಿದರು.

“ಫೋನು ಮಾಡದೆ ಬಂದಿದ್ದೀರಿ,” ಎಂದರು.

ರೇಣುಕಾ ಹೊಸ್ತಿಲ ಹೊರಗೇ ನಿಂತು ತನ್ನ ಆಸ್ಪತ್ರೆಯ ಜರ್ಮನ್ನಿನಲ್ಲಿ ವಿವರಿಸತೊಡಗಿದಳು. ನಮ್ಮ ಊರಿನಲ್ಲಿ ಹೋಗುವವರು ಹೋಗುತ್ತೇವೆ ಎನ್ನುವುದಿಲ್ಲ. ಅಂದರೆ ಅಶುಭ. ಸತ್ತವರಿಗೆ ಮಾತ್ರ ಹೋದರು ಎನ್ನುತ್ತೇವೆ. ಬದುಕಿರುವವರೆಲ್ಲ ಬರುತ್ತೇವೆ ಎಂದೇ ಹೋಗುತ್ತಾರೆ. ಇಷ್ಟು ಹೇಳುವುದರಲ್ಲಿ ಅವಳು ನಾಲ್ಕು ಸಲ ಕೈಕಾಲು ತೋರಿಸಿದಳು, ಒಮ್ಮೆ ಕಣ್ಣು ಮುಚ್ಚಿ ಸತ್ತು ತೋರಿಸಿದಳು. ನಾನು ನಡುನಡುವೆ ವ್ಯಾಕರಣ ತಿದ್ದಿದೆ.

ಲಿಂಡವ್ವ ಲೆಕ್ಕ ಹಾಕುವವರಂತೆ ಒಂದು ಬೆರಳು ಮಡಚಿದರು. “ಹೋಗುವವರು ಬರುತ್ತೇವೆ ಎನ್ನುತ್ತಾರೆ. ಹಾಗಾದರೆ ನಿಜವಾಗಿ ಬರುವವರು ಏನು ಎನ್ನುತ್ತಾರೆ?”

ನಮ್ಮಿಬ್ಬರಿಗೂ ಈ ಪ್ರಶ್ನೆ ಎಂದೂ ಹೊಳೆದಿರಲಿಲ್ಲ.

“ಏನೂ ಅನ್ನುವುದಿಲ್ಲ,” ಎಂದೆ ನಾನು. “ಬಂದುಬಿಡುತ್ತಾರೆ.”

“ಫೋನು ಮಾಡದೆ?”

“ಮಾಡದೆ.”

“ನೀವು ಮನೆಯಲ್ಲಿ ಇಲ್ಲದಿದ್ದರೆ?”

“ಬಾಜೂ ಮನೆಯಲ್ಲಿ ಚಹಾ ಕುಡಿಯುತ್ತ ಕೂತಿರುತ್ತಾರೆ.”

“ಅಡುಗೆ ಸಾಲದಿದ್ದರೆ?”

“ಸಾರಿಗೆ ನೀರು ಹಾಕುತ್ತೇವೆ.”

ಲಿಂಡವ್ವನ ಮುಖದಲ್ಲಿ ಭಯ, ಆಶ್ಚರ್ಯ, ಇನ್ನೂ ಏನೇನೋ ಬಂದು ಹೋದವು. ನಮ್ಮಿಬ್ಬರನ್ನು, ಕೈಯಲ್ಲಿದ್ದ ಡಬ್ಬಿಯನ್ನು, ಬಾಗಿಲ ಹೊರಗೆ ಬಿಚ್ಚಿಟ್ಟ ಬೂಟುಗಳನ್ನು ನೋಡಿದರು. “ಅಂದರೆ ನೀವು ಈಗ ನಿಜವಾಗಿ ಬಂದಿದ್ದೀರಿ,” ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ನಿನ್ನೆಯ ಕೇಕು ಅಂಚಿನಲ್ಲಿ ಒಣಗಿ ಗಟ್ಟಿಯಾಗಿತ್ತು. ನಾವು ಒಂದು ಚೂರೂ ಬಿಡದೆ ತಿಂದೆವು. ಲಿಂಡವ್ವ ಹೋಳಿಗೆಯನ್ನು ಚಾಕು, ಫೋರ್ಕಿನಿಂದ ಕತ್ತರಿಸಿ ತಿಂದು, ಇದರೊಳಗಿನ ಸಿಹಿಯನ್ನು ಎಲ್ಲಿಂದ ತುಂಬಿದರು ಎಂದು ತಿರುವಿ ತಿರುವಿ ಹುಡುಕಿದರು. ಆಮೇಲೆ ನೀವು ಅಕ್ಕತಂಗಿಯರೇ ಎಂದರು. ಅಲ್ಲ, ಗೆಳತಿಯರು ಎಂದೆ. ಸುಮ್ಮನಿರಬಹುದಿತ್ತು. ಆದರೆ ಬೆಟಗೇರಿಯ ಆ ಚಹಾದ ರುಚಿ ನಾಲಿಗೆಯ ಮೇಲೆ ಬಂದಿತು. ಕೀಲಿಕೈ ಕೊಟ್ಟಮೇಲೆ ಇವರಿಗೂ ಯಾವನೋ ಅಳಿಯ ನೆನಪಾಗುವುದಕ್ಕಿಂತ ಈಗಲೇ ಆಗಲಿ ಎಂದು, ನಾನು ಮುಸಲ್ಮಾನಳು, ಇವಳು ಹಿಂದೂ, ನಮ್ಮ ಮನೆತನ ಬೇರೆ, ಊರು ಬೇರೆ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಮೇಜಿನ ಕೆಳಗೆ ರೇಣುಕಾ ನನ್ನ ಕೈ ಬಿಗಿಯಾಗಿ ಹಿಡಿದಳು.

“ಅದಿರಲಿ,” ಎಂದರು ಲಿಂಡವ್ವ. “ಮೆಟ್ಟಿಲು ಯಾರು ಗುಡಿಸುತ್ತೀರಿ?”

ಆ ಕಟ್ಟಡದಲ್ಲಿ ಎಲ್ಲ ಮನೆಯವರೂ ಪಾಳಿಯ ಪ್ರಕಾರ ಮೆಟ್ಟಿಲು ಗುಡಿಸಬೇಕಂತೆ. ನಾವಿಬ್ಬರೂ ಒಟ್ಟಿಗೇ “ನಾನು!” ಎಂದು ಕೂಗಿದೆವು. ಲಿಂಡವ್ವ ಕಿವಿ ಮುಚ್ಚಿಕೊಂಡರು. ಆಮೇಲೆ ಎದ್ದುಹೋಗಿ ಕೀಲಿಕೈ ತಂದು ಕೇಕಿನ ಖಾಲಿ ತಟ್ಟೆಯ ಪಕ್ಕದಲ್ಲಿಟ್ಟರು. ಗಾಳಿ ಆಡಿಸುವುದನ್ನು ಮಾತ್ರ ಮತ್ತೆ ಮೊದಲಿನಿಂದ ಹೇಳಿಕೊಟ್ಟರು.

ಗಂಟೆಯ ಮೇಲಿನ ಹೆಸರು

ಮುಂದಿನ ಭಾನುವಾರ ಸಾಮಾನು ತಂದೆವು. ಸಾಮಾನು ಎಂದರೆ ನಾಲ್ಕು ಸೂಟ್‌ಕೇಸು, ಒಂದು ಕುಕ್ಕರು, ಅಂಗಡಿಯಿಂದ ಸುರುಳಿ ಸುತ್ತಿ ಬಂದ ಎರಡು ಗಾದಿ. ಗಾದಿಯನ್ನು ಬಿಚ್ಚುವಾಗ ಅಪ್ಪ ಲಕ್ಷ್ಮೇಶ್ವರದ ಅಂಗಡಿಯಿಂದ ವಿಡಿಯೋ ಕಾಲಿನಲ್ಲಿ ನೋಡುತ್ತಿದ್ದ. ಕಟ್ಟು ಕತ್ತರಿಸಿದ ಕೂಡಲೇ ಅದು ಉಸ್ ಎಂದು ತಾನಾಗಿಯೇ ಉಬ್ಬತೊಡಗಿತು.

“ಏನವಾ ಅದು, ಉಸಿರಾಡಾಕ ಹತ್ತೇತಿ!” ಎಂದು ಅಪ್ಪ ಕೂಗಿದ. “ಹತ್ತಿ ಐತೇನು ಒಳಗ?”

“ಸ್ಪಂಜ್ ಅಪ್ಪಾ.”

“ಥೂ. ಗಾದಿಯವರ ಮಗಳು ಸ್ಪಂಜಿನ ಮ್ಯಾಲೆ ಮಲಗತಾಳ ಅಂತ ಯಾರ ಮುಂದೂ ಹೇಳಬ್ಯಾಡ.” ಸ್ವಲ್ಪ ತಡೆದು, “ಮೆತ್ತಗ ಐತಿಲ್ಲ?” ಎಂದು ಕೇಳಿದ. ಐತಿ ಎಂದೆ. “ಆತು ಹಂಗಾರ,” ಎಂದು ಮುಖ ತಿರುಗಿಸಿಕೊಂಡ.

ಬಿಸಿಲಿನ ಕೋಣೆ ರೇಣುಕಾಳ ಪಾಲಾಯಿತು. ಚೀಟಿ ಎತ್ತುವುದರಲ್ಲಿ ಅವಳು ಮೋಸ ಮಾಡಿದಳೆಂದು ಇಂದಿಗೂ ನನ್ನ ಗುಮಾನಿ.

ಮಧ್ಯಾಹ್ನ ಲಿಂಡವ್ವ ಕೆಳಗಿನಿಂದ ಕರೆದರು. ಬೀದಿಬಾಗಿಲಿನ ಪಕ್ಕದ ಗೋಡೆಯಲ್ಲಿ ಮನೆಗೊಂದು ಗಂಟೆಯ ಗುಂಡಿ, ಗುಂಡಿಯ ಮುಂದೆ ಆ ಮನೆಯವರ ಹೆಸರು. ಅಲ್ಲಿ ಹೆಸರಿಲ್ಲದಿದ್ದರೆ ಅಂಚೆಯವನಿಗೂ ನೀವು ಇದ್ದೂ ಇಲ್ಲದವರೇ. ಲಿಂಡವ್ವ ನಮ್ಮ ಹೆಸರು ಬರೆದ ಎರಡು ಕಾಗದದ ಪಟ್ಟಿ ತಂದಿದ್ದರು. ಹೊಸಮನಿ ಎಂದರೆ ಏನರ್ಥ ಎಂದರು. ರೇಣುಕಾ ಹೇಳಿದಳು. ಲಿಂಡವ್ವನಿಗೆ ನಂಬಿಕೆ ಬರಲಿಲ್ಲ, ನನ್ನನ್ನು ಕೇಳಿ ಖಾತ್ರಿ ಮಾಡಿಕೊಂಡು, ಆಮೇಲೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಯಾರ ಹೆಸರು ಮೇಲೆ ಎಂದು ನಾವು ಜಗಳ ತೆಗೆಯುವ ಮೊದಲೇ ಎರಡನ್ನೂ ಅಕ್ಕಪಕ್ಕ ಅಂಟಿಸಿ, ಬೆರಳಿನಿಂದ ಒತ್ತಿ ಒಳಗೆ ಹೋದರು.

ನಾವು ಬೀದಿಯಲ್ಲಿ ನಿಂತು ನೋಡಿದೆವು. ನದಾಫ, ಹೊಸಮನಿ. ಹೆಜ್ಜೆ ಹಿಂದಿಟ್ಟು ನೋಡಿದೆವು, ಹತ್ತಿರ ಹೋಗಿ ಮೂಗು ತಾಗಿಸಿ ನೋಡಿದೆವು. ನನ್ನ ಹೆಸರು ಬರೆದ ಬಾಗಿಲನ್ನು ನಾನು ಅದುವರೆಗೆ ಕಂಡಿರಲಿಲ್ಲ. ರೇಣುಕಾ ಮೆಲ್ಲಗೆ ಗುಂಡಿ ಒತ್ತಿದಳು. ಗಾಳಿ ಆಡಿಸಲೆಂದು ತೆರೆದಿಟ್ಟ ನಮ್ಮ ಕಿಟಕಿಯಿಂದ, ಯಾರೂ ಇಲ್ಲದ ನಮ್ಮ ಮನೆಯೊಳಗೆ ಗಂಟೆ ಬಾರಿಸಿದ್ದು ಕೇಳಿತು. ನಾನೂ ಒತ್ತಿದೆ. ಅವಳು ಮತ್ತೆ ಒತ್ತಿದಳು. ಆಮೇಲೆ ಇಬ್ಬರೂ ಸರತಿ ಮರೆತು ಒತ್ತಿದ್ದೇ ಒತ್ತಿದ್ದು, ನಕ್ಕಿದ್ದೇ ನಕ್ಕಿದ್ದು.

ಮೂರನೆಯ ಮಹಡಿಯ ಕಿಟಕಿ ಧಡ್ ಎಂದು ತೆರೆಯಿತು. ಮುದುಕರೊಬ್ಬರು ತಲೆ ಹೊರಹಾಕಿ, ಭಾನುವಾರ ಮಧ್ಯಾಹ್ನ ಇದೇನು ಗಲಾಟೆ, ಯಾರ ಮನೆಗೆ ಬಂದಿದ್ದೀರಿ ಎಂದು ಗದರಿದರು. ರೇಣುಕಾ ಕಲಿತ ಜರ್ಮನ್ ಎಲ್ಲ ಮರೆತಳು. ಕತ್ತೆತ್ತಿ, ಕೈ ಬೀಸಿ, ಇಡೀ ಓಣಿಗೆ ಕೇಳುವ ಹಾಗೆ ಕೂಗಿ ಹೇಳಿದಳು:

“ಯಾರ ಮನಿಗೂ ಬಂದಿಲ್ರೀ! ಇದು ನಮ್ದ ಮನಿ!”